ತಿಪ್ಪೇಸ್ವಾಮಿಯ ತೂಕಡಿಕೆಯೂ ನಮ್ಮ ಹಸಿರು ಕಟ್ಟಡವೂ

ಆ ಮಧ್ಯಾಹ್ನ ಕೋಣೆಯಲ್ಲಿದ್ದವರು ಐದು ಜನ. ಬಾಗಿಲಿಗೆ ಎದುರಾಗಿ ದೊಡ್ಡ ಮೇಜಿನ ಹಿಂದೆ ನಾನು, ಕಚೇರಿಯ ಸೂಪರಿಂಟೆಂಡೆಂಟು. ನನ್ನ ಎಡಕ್ಕೆ ಕಂಪ್ಯೂಟರಿನ ಮುಂದೆ ಶೋಭಾ. ಬಲಕ್ಕೆ, ಕಡತಗಳ ನಡುವೆ, ಗುಮಾಸ್ತ ತಿಪ್ಪೇಸ್ವಾಮಿ. ಬಾಗಿಲ ಬಳಿ ಸ್ಟೂಲಿನ ಮೇಲೆ ಅಟೆಂಡರ್ ಕರಿಬಸಪ್ಪ. ಐದನೆಯವಳು ಕಟ್ಟಡವನ್ನು ಪರೀಕ್ಷಿಸಲು ಬಂದಿದ್ದ ಇಂಜಿನಿಯರ್ ಶಾಹಿನಾ, ಕೆರೆಬಿಳಚಿಯ ಹೆಣ್ಣುಮಗಳು. ಊಟವಾಗಿ ಒಂದು ಗಂಟೆ ಕಳೆದಿತ್ತು. ಮೇಜಿನ ಮೇಲೆ ಅವಳು ತಂದಿಟ್ಟ ಪುಟ್ಟ ಡಬ್ಬಿಯೊಂದಿತ್ತು. ಈ ಐವರಲ್ಲಿ ಒಬ್ಬರು ಗಲ್ಲ ಎದೆಗೆ ತಾಗುವಂತೆ ಕೂತಲ್ಲೇ ತೂಕಡಿಸುತ್ತಿದ್ದರು. ಅದು ಯಾರಿರಬಹುದೆಂದು ನಮ್ಮ ಕಚೇರಿಯ ಯಾವ ಹಳಬರನ್ನು ಕೇಳಿದರೂ ಹಿಂದೆಮುಂದೆ ನೋಡದೆ ತಿಪ್ಪೇಸ್ವಾಮಿಯ ಹೆಸರು ಹೇಳುತ್ತಿದ್ದರು. ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ನಾನು ಏನನ್ನೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ತೂಕಡಿಸುತ್ತಿದ್ದವನು ನಾನೇ.

"ಸಾರ್" ಎಂದು ಯಾರೋ ಕರೆದರು. ಕಣ್ಣು ಬಿಟ್ಟೆ. ಕರೆದವನು ತಿಪ್ಪೇಸ್ವಾಮಿ.

"ತಲೆ ಇನ್ನೇನು ಮೇಜಿಗೆ ಬಡೀತಿತ್ರೀ, ಅದಕ್ಕೆ ಕರೆದೆ. ತಪ್ಪು ತಿಳೀಬ್ಯಾಡ್ರಿ."

ಜೀವಮಾನದಲ್ಲಿ ಹಾವು ಕಂಡಿದ್ದೇನೆ, ತುಂಗಭದ್ರೆ ಉಕ್ಕಿ ಹೊನ್ನಾಳಿಯ ಬೀದಿಗೆ ಬಂದದ್ದನ್ನು ಕಂಡಿದ್ದೇನೆ. ಆ ಹೊತ್ತು ಬೆಚ್ಚಿದಷ್ಟು ಬೆಚ್ಚಿಬಿದ್ದದ್ದು ನೆನಪಿಲ್ಲ. ಇಷ್ಟಕ್ಕೆ ಇಷ್ಟೊಂದು ಗಾಬರಿಯೇ ಎಂದು ನೀವು ನಗಬಹುದು. ಊಟವಾದ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚದ ನೌಕರ ಎಲ್ಲಿದ್ದಾನೆ? ಆದರೆ ನನ್ನನ್ನು ಎಬ್ಬಿಸಿದವನಿಗೆ, ಇದೇ ತಪ್ಪಿಗೆ, ನಾನು ಮೂರು ಸಲ ಮೆಮೊ ಬರೆದಿದ್ದೆ.

ನಮ್ಮದು ಯಾವ ಕಚೇರಿ ಎಂದು ಹೇಳುವುದಿಲ್ಲ. ಹೇಳಿದರೆ ಇನ್ನೊಂದು ಮೆಮೊ ಹುಟ್ಟುತ್ತದೆ, ಈ ಸಲ ನನ್ನ ಹೆಸರಿಗೆ. ನ್ಯಾಮತಿ ತಾಲ್ಲೂಕಾದ ಮೇಲೆ ಒಂದರ ಹಿಂದೊಂದು ಬಂದ ಬೋರ್ಡುಗಳಲ್ಲಿ ನಮ್ಮದೂ ಒಂದು ಎಂದುಕೊಳ್ಳಿ. ಬೋರ್ಡು ಬಂತು, ಕಟ್ಟಡ ಬರಲಿಲ್ಲ. ಅದಕ್ಕೆ ಮೆಕ್ಕೆಜೋಳದ ಗೋದಾಮಿನ ಹಿಂದೆ ಎರಡು ಕೋಣೆ ಬಾಡಿಗೆಗೆ ಹಿಡಿದೆವು. ಮುಂದಿನ ಕೋಣೆಯಲ್ಲಿ ನಾವು. ಒಳಗಿನದು ದಾಖಲೆ ಕೋಣೆ. ಎರಡಕ್ಕೂ ಸೇರಿ ರಸ್ತೆಯ ಕಡೆ ಒಂದೇ ಒಂದು ಕಿಟಕಿ, ಅದೂ ಒಳಗಿನದರಲ್ಲಿ.

ಈ ಸರ್ಕಾರಿ ಕಿಟಕಿಯ ವಿಚಾರ ಸ್ವಲ್ಪ ಹೇಳಬೇಕು. ಮನೆಯ ಕಿಟಕಿ ಗಾಳಿಗೆ, ದೇವಸ್ಥಾನದ ಜಾಲಂದ್ರ ಧೂಪದ ಹೊಗೆಗೆ. ಕಚೇರಿಯ ಕಿಟಕಿ ಮಾತ್ರ ನಮ್ಮ ಕಡೆ ಅರ್ಜಿ ತೂರಿಸುವುದಕ್ಕೆ ಇರುವಂಥದ್ದು. ಬಾಗಿಲಲ್ಲಿ ಸರತಿ ಇದ್ದರೂ ಜನ ಸುತ್ತುಹಾಕಿ ಬಂದು ಕಿಟಕಿಯ ಸರಳು ಹಿಡಿದು, "ಸ್ವಾಮಿ, ನಂದೇನಾತು?" ಎಂದು ಕೂಗುತ್ತಿದ್ದರು. ಮೇಲಾಗಿ ಗಾಳಿಗೆ ಕಾಗದ ಹಾರಿ, ಒಬ್ಬರ ಅರ್ಜಿ ಇನ್ನೊಬ್ಬರ ಕಡತ ಸೇರುತ್ತಿತ್ತು. ನಾನು ಚುರುಕು ಬುದ್ಧಿಯವನು ಎಂದು ಆಗ ನನಗೆ ನಂಬಿಕೆಯಿತ್ತು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಹಳೆಯ ಕಡತದ ಗಂಟುಗಳನ್ನೆಲ್ಲ ಕಿಟಕಿಗೆ ಒತ್ತರಿಸಿ ಮೇಲಿನವರೆಗೆ ಪೇರಿಸಲು ಕರಿಬಸಪ್ಪನಿಗೆ ಹೇಳಿದೆ. ಜನರ ಕೂಗು ನಿಂತಿತು. ಕಾಗದ ಹಾರುವುದು ನಿಂತಿತು. ಕಡತಗಳಿಗೆ ಜಾಗವೂ ಆಯಿತು. ಒಂದು ಕೆಲಸದಲ್ಲಿ ಮೂರು ಲಾಭ ಎಂದು ಬೀಗಿದೆ. ಮೇಲಿನ ಸಾಹೇಬರು ಬಂದಾಗ ತೋರಿಸಿದೆ ಕೂಡ. ಅವರೂ ಮೆಚ್ಚಿಕೊಂಡರು. ನಮ್ಮ ಕಡೆ ಯಾವ ಕಚೇರಿಗೆ ಹೋದರೂ ನೋಡಿ, ಕಿಟಕಿ ಇದ್ದಲ್ಲೇ ಬೀರು ಇರುತ್ತದೆ. ಇದು ನಾವು ತಲೆಮಾರಿನಿಂದ ನಡೆಸಿಕೊಂಡು ಬಂದ ಪದ್ಧತಿ.

ಆ ಗಂಟುಗಳ ಪಕ್ಕದಲ್ಲಿ ತಿಪ್ಪೇಸ್ವಾಮಿಯ ಕುರ್ಚಿ. ಜಗಳೂರು ಕಡೆಯವನು. ನ್ಯಾಮತಿಯಲ್ಲಿ ಬಾಡಿಗೆ ರೂಮು, ವಾರಕ್ಕೊಮ್ಮೆ ಬಸ್ಸು ಹತ್ತಿ ಊರು. ಯಾವ ಗಂಟಿನಲ್ಲಿ ಯಾವ ಕಡತ ಇದೆ ಎಂದು ಅವನೊಬ್ಬನಿಗೇ ಗೊತ್ತಿದ್ದುದರಿಂದ ಅಲ್ಲಿಗೆ ಬೇರೆಯವರನ್ನು ಹಾಕುವಂತಿರಲಿಲ್ಲ. ಬೆಳಿಗ್ಗೆ ಹನ್ನೊಂದರವರೆಗೆ ಚೆನ್ನಾಗಿಯೇ ಇರುತ್ತಿದ್ದ. ಮಧ್ಯಾಹ್ನವಾಗುತ್ತಿದ್ದ ಹಾಗೆ ಅವನ ತಲೆ ದೇವರಿಗೆ ನಮಸ್ಕರಿಸುವಂತೆ ಬಾಗತೊಡಗುತ್ತಿತ್ತು. ಮುಖ ತೊಳೆದು ಬರುತ್ತಿದ್ದ, ಮತ್ತೆ ಬಾಗುತ್ತಿತ್ತು. ಚಹಾ ಕುಡಿಯುತ್ತಿದ್ದ, ಮತ್ತೆ ಬಾಗುತ್ತಿತ್ತು. ಒಂದು ದಿನ ನಿಂತುಕೊಂಡೇ ಬರೆಯುತ್ತಿದ್ದುದನ್ನು ಕಂಡೆ. ಏನೆಂದು ಕೇಳಿದರೆ, "ಕುಂತ್ರೆ ಜೋಂಪು ಹತ್ತತೈತ್ರೀ" ಎಂದ. ನಾನು ಅದನ್ನು ನಾಟಕವೆಂದುಕೊಂಡೆ.

ಮೆಮೊಗಳ ಕನ್ನಡ ನನ್ನದೇ. ಸಹಿ ಮಾತ್ರ ಸಾಹೇಬರದು. ಮೊದಲನೆಯದು ಮೃದುವಾಗಿತ್ತು, ಎರಡನೆಯದು ಬಿಗಿಯಾಗಿತ್ತು. ಮೂರನೆಯದರಲ್ಲಿ ನನ್ನ ಭಾಷೆಗೆ ನಾನೇ ಮರುಳಾಗಿ, "ಸ್ವಭಾವತಃ ಆಲಸಿಯಾದ ಸದರಿ ನೌಕರರು" ಎಂದು ಬರೆದುಬಿಟ್ಟೆ. ಆ 'ಸ್ವಭಾವತಃ' ಎಂಬ ಪದ ಬರೆಯುವಾಗ ಎಂಥ ಸುಖವಾಗಿತ್ತೆಂದು ಈಗ ಹೇಳಿಕೊಳ್ಳಲೂ ನಾಚಿಕೆ. ಅದು ಅವನ ಸೇವಾ ಪುಸ್ತಕಕ್ಕೆ ಹೋಯಿತು. ಬಡ್ತಿಯ ಪಟ್ಟಿ ಬಂದಾಗ ಅವನಿಗಿಂತ ಕಿರಿಯರ ಹೆಸರಿತ್ತು, ಅವನದಿರಲಿಲ್ಲ. ಮುಂದಿನ ಪಟ್ಟಿಯಲ್ಲೂ ಇರಲಿಲ್ಲ. ಕಚೇರಿಯಲ್ಲಿ ಅವನನ್ನು ತೂಕಡಿಕೆ ತಿಪ್ಪಣ್ಣ ಎನ್ನುತ್ತಿದ್ದರು. ಆ ಹೆಸರು ಅದು ಹೇಗೋ ಬಸ್ಸು ಹತ್ತಿ ಜಗಳೂರಿನವರೆಗೂ ಹೋಗಿ ಅವನ ಹೆಂಡತಿಯ ಮನೆಯವರ ಬಾಯಿಗೂ ಬಿತ್ತು ಎಂದು ಆಮೇಲೆ ತಿಳಿಯಿತು. ಅವನ ನಿವೃತ್ತಿಗೆ ಉಳಿದಿದ್ದುದು ಎರಡು ವರ್ಷ. ಇನ್ನೊಂದು ಪಟ್ಟಿ ತಪ್ಪಿದರೆ ಆಲಸಿಯಾಗಿಯೇ ಹಾರ ಹಾಕಿಸಿಕೊಂಡು ಮನೆಗೆ ಹೋಗಬೇಕು.

ಇಷ್ಟರಲ್ಲಿ ಹೊಸ ಕಟ್ಟಡ ಬಂತು. ಹಸಿರು ಕಟ್ಟಡ ಎಂದು ಮೊದಲೇ ಸುದ್ದಿ ಹಬ್ಬಿತ್ತು. ನೋಡಿದರೆ ಮಣ್ಣಿನ ಬಣ್ಣದ ಇಟ್ಟಿಗೆ, ಎತ್ತರದ ಸೂರು, ಉತ್ತರಕ್ಕೆ ಉದ್ದುದ್ದ ಗಾಜು, ಸೂರಿನ ಕೆಳಗೆ ಸಾಲಾಗಿ ಗಾಳಿಕಂಡಿ. ನಡುವೆ ಅಂಗಳ, ಅಂಗಳದಲ್ಲಿ ಕಡಿಯದೆ ಉಳಿಸಿದ ಒಂದು ಹೊಂಗೆಮರ. ಇದರಲ್ಲಿ ಹೊಸದೇನಿದೆ ಎಂದು ನನಗನ್ನಿಸಿತ್ತು. ಜಗಳೂರು ಸೀಮೆಯ ಮಾಳಿಗೆ ಮನೆಗಳಲ್ಲಿ ಮೇಲ್ಗಡೆ ಗವಾಕ್ಷಿ ಇರುತ್ತದಲ್ಲ, ಅದನ್ನೇ ಗೋಡೆಗೆ ಇಳಿಸಿದ್ದರು. ಗವಾಕ್ಷ ಎಂದರೆ ಹಸುವಿನ ಕಣ್ಣು. ಕಿಟಕಿಗೆ ಹಸುವಿನ ಕಣ್ಣಿನ ಹೆಸರಿಟ್ಟವರು ಎಷ್ಟು ತಂಪಾದ ಮನಸ್ಸಿನವರಿರಬೇಕು! ನನ್ನ ತಾಯಿಯ ತವರು ಆ ಕಡೆಯೇ. ಅಜ್ಜಿ ದಿನಾ ಬೆಳಿಗ್ಗೆ ಮಾಳಿಗೆ ಹತ್ತಿ ಗವಾಕ್ಷಿಯ ಮೇಲಿನ ಕಲ್ಲು ಸರಿಸಿ, "ರಾತ್ರಿಯೆಲ್ಲ ಉಂಡ ಉಸಿರು ಹೋಗ್ಲಿ" ಎನ್ನುತ್ತಿದ್ದಳು. ಉಸಿರನ್ನು ಉಣ್ಣುವುದು ಎಂದರೇನೋ ಎಂದು ಮಕ್ಕಳೆಲ್ಲ ನಗುತ್ತಿದ್ದೆವು. ಆ ಮುದುಕಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನು ಹತ್ತಿದವನು, ಇಳಿದು ಬಂದು ಕಿಟಕಿ ಮುಚ್ಚಿದವನು.

ಮೊದಲ ಕೆಲವು ವಾರ ಎಲ್ಲರಿಗೂ ಒಂದು ಬಗೆಯ ದಿಗಿಲು. ಸೂಳೆಕೆರೆಯ ಏರಿಯ ಮೇಲೆ ಕುರ್ಚಿ ಹಾಕಿ ಕೂರಿಸಿದ ಹಾಗೆ ಗಾಳಿ. ಕೋಣೆಯಲ್ಲಿ ಯಾರೂ ಅಲುಗಾಡದಿದ್ದರೆ ದೀಪ ತಾನೇ ಆರಿಹೋಗುತ್ತಿತ್ತು. ಅಲುಗಾಡದೆ ಕೂರುವುದನ್ನೇ ಅನುಭವ ಎಂದು ತಿಳಿದಿದ್ದ ನಮಗೆ ಇದು ದೊಡ್ಡ ಆಘಾತ. ಶೋಭಾ ಕೆಲಸ ಮಾಡುತ್ತಲೇ ಆಗಾಗ ಎಡಗೈ ಎತ್ತಿ ಬೀಸುತ್ತಿದ್ದಳು. ಹೊರಗಿನಿಂದ ಬಂದವರು ತಮ್ಮನ್ನೇ ಕರೆದರೆಂದು ಒಳಗೆ ನುಗ್ಗುತ್ತಿದ್ದರು. ಇದೆಲ್ಲದರ ನಡುವೆ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ತಿಪ್ಪೇಸ್ವಾಮಿ ತೂಕಡಿಸುತ್ತಿರಲಿಲ್ಲ. ದೀಪ ಆರುವ ಹೆದರಿಕೆಗೆ ಎಚ್ಚರವಿದ್ದಾನೆ ಕಳ್ಳ ಎಂದುಕೊಂಡೆ. ಒಂದು ಅಭಿಪ್ರಾಯವನ್ನು ಕೈಯಾರೆ ಬರೆದು ಸಹಿ ಹಾಕಿಸಿದ ಮೇಲೆ ಅದರ ವಿರುದ್ಧ ಕಣ್ಣೆದುರು ಸಾಕ್ಷಿ ನಿಂತರೂ ಮನಸ್ಸು ಹೇಗೆ ದಾರಿ ಹುಡುಕುತ್ತದೆ ನೋಡಿ.

ಆಷಾಢ ಬಂತು. ಗಾಳಿ ಜೋರಾಯಿತು, ಕಾಗದ ಹಾರತೊಡಗಿತು. ನಮ್ಮ ಕೈ ಸುಮ್ಮನಿರಲಿಲ್ಲ. ಮೊದಲು ಬೀರುಗಳು ಕಿಟಕಿಯ ಮುಂದೆ ಬಂದು ನಿಂತವು. ಗಾಜಿನ ತುಂಬ ಅಂಗಡಿಗಳವರು ಕೊಟ್ಟ ಕ್ಯಾಲೆಂಡರು ಅಂಟಿಸಿದೆವು. ಕೊನೆಗೆ ಕರಿಬಸಪ್ಪ ಏಣಿ ಹಾಕಿ ಒಂದೊಂದೇ ಗಾಳಿಕಂಡಿಗೆ ಹಳೆ ಪೇಪರು, ಗೋಣಿತಾಟು, ಸಾಲದ್ದಕ್ಕೆ ನನ್ನದೊಂದು ಹಳೆ ಮಫ್ಲರನ್ನೂ ತುರುಕಿ, "ಈಗ ಬೆಚ್ಚಗಾತು ನೋಡ್ರಿ" ಎಂದು ಕೈ ಝಾಡಿಸಿಕೊಂಡ. ಹೊಸ ಕಟ್ಟಡವನ್ನು ನಾವು ಆಷಾಢ ಹಿಡಿದ ಹದಿನೈದೇ ದಿನದಲ್ಲಿ ಗೋದಾಮಿನ ಹಿಂದಿನ ಕೋಣೆಯಾಗಿ ಮಾಡಿದ್ದೆವು.

ಆಮೇಲೆ ಒಬ್ಬೊಬ್ಬರಿಗೂ ತಲೆಭಾರ. ಶೋಭಾ ಹಣೆಗೆ ಅಮೃತಾಂಜನ ಹಚ್ಚತೊಡಗಿದಳು. ಕರಿಬಸಪ್ಪ ಸ್ಟೂಲಿನಿಂದ ಎರಡು ಸಲ ಜಾರಿದ. ತಿಪ್ಪೇಸ್ವಾಮಿ ಮಧ್ಯಾಹ್ನ ಮತ್ತೆ ನಿಂತುಕೊಂಡೇ ಬರೆಯತೊಡಗಿದ. ನಾನು ಎಲ್ಲರ ಮೇಲೂ ಹರಿಹಾಯತೊಡಗಿದೆ. ಕೊನೆಗೆ ಮೇಲಿನ ಕಚೇರಿಗೆ ಒಂದು ಪತ್ರ ಬರೆದೆ: "ಸದರಿ ಹಸಿರು ಕಟ್ಟಡವು ನೌಕರರನ್ನು ಮಂಕುಗೊಳಿಸುತ್ತಿದ್ದು..." ಕಟ್ಟಡಕ್ಕೂ ಒಂದು ಮೆಮೊ ಕೊಟ್ಟೆ ಎನ್ನಿ. ಆ ಪತ್ರದ ಫಲವಾಗಿಯೇ ಶಾಹಿನಾ ಡಬ್ಬಿ ಹಿಡಿದು ಬಂದದ್ದು.

ಡಬ್ಬಿಯ ಕೆಲಸ ಸರಳ. ಕೋಣೆಯ ಗಾಳಿ ಚೆನ್ನಾಗಿದ್ದರೆ ಹಸಿರು ದೀಪ, ಕೆಡುತ್ತ ಬಂದರೆ ಹಳದಿ, ಜನ ಬಿಟ್ಟ ಉಸಿರನ್ನೇ ಜನ ಮತ್ತೆ ಎಳೆದುಕೊಳ್ಳುವಷ್ಟು ಕೆಟ್ಟರೆ ಕೆಂಪು. ಬೆಳಿಗ್ಗೆ ತಂದಿಟ್ಟಾಗ ಹಸಿರಿತ್ತು. ನಾನು ಗೆದ್ದವನಂತೆ, "ನೋಡಮ್ಮ, ನಿನ್ನ ಡಬ್ಬಿಗೆ ಏನೂ ಗೊತ್ತಾಗೋದಿಲ್ಲ" ಎಂದೆ. ಅವಳು, "ಸಂಜೀತನಕ ಇರ್ತೀನಿ ಸರ್, ಅದೂ ಇರ್ಲಿ" ಎಂದಳು. ಊಟದ ಹೊತ್ತಿಗೆ ಹಳದಿ. ಅದಾದ ಮೇಲೆ ಯಾವಾಗ ಕೆಂಪಾಯಿತೋ ನನಗೆ ತಿಳಿಯದು. ಆಗ ನಾನು ಯಾವ ಸ್ಥಿತಿಯಲ್ಲಿದ್ದೆನೆಂದು ಮೊದಲೇ ಹೇಳಿದ್ದೇನೆ.

ನನ್ನನ್ನು ತಿಪ್ಪೇಸ್ವಾಮಿ ಎಬ್ಬಿಸಿದ ಮೇಲೆ ಶಾಹಿನಾ ಡಬ್ಬಿಯ ಕೆಂಪು ದೀಪ ತೋರಿಸಿದಳು. ಏಣಿ ತರಿಸಿದಳು. ಕರಿಬಸಪ್ಪ ತಾನೇ ತುರುಕಿದ್ದನ್ನು ತಾನೇ ಕಿತ್ತ. ಎಲ್ಲರ ಎದುರು ನನ್ನ ಮಫ್ಲರು ದೊಪ್ಪನೆ ಕೆಳಗೆ ಬಿತ್ತು.

"ಯಾರ್ದಿದು?" ಎಂದಳು ಶಾಹಿನಾ.

"ಸರ್‍ದು ಮೇಡಂ. ಸರ್ ಈ ಕಟ್ಟಡಕ್ಕೆ ಚಳಿ ಆಗ್ಬಾರ್ದು ಅಂತ ಹೊದಿಸಿದ್ರು" ಎಂದಳು ಶೋಭಾ. ಅವಳ ತಲೆಭಾರ ಆಗಲೇ ಅರ್ಧ ಇಳಿದಿರಬೇಕು.

ಗಾಳಿ ಹರಿಯಿತು. ಡಬ್ಬಿ ಹಳದಿಯಾಯಿತು. ಸ್ವಲ್ಪ ಹೊತ್ತಿಗೆ ಹಸಿರಾಯಿತು. ನಾವು ಜಾತಕ ನೋಡುವವರ ಹಾಗೆ ಅದನ್ನೇ ನೋಡುತ್ತಿದ್ದೆವು. ಆಗ ತಿಪ್ಪೇಸ್ವಾಮಿ ಎದ್ದು ನಿಂತು, ಬಹಳ ವಿನಯದಿಂದ ಕೇಳಿದ:

"ಮೇಡಮ್ಮಾರೇ, ಒಂದು ಮಾತು. ಗಾಳಿ ಇಲ್ಲದ ಕೋಣಿ. ಒಂದೇ ಕಿಟಕಿ, ಅದೂ ಮುಚ್ಚೈತೆ. ಸುತ್ತ ಹಳೇ ಕಾಗದ, ಧೂಳು. ಅಂಥ ಜಾಗದಾಗೆ ಒಬ್ಬ ಮನುಷ್ಯ ವರ್ಷಗಟ್ಲೆ ಕುಂತು ಕೆಲಸ ಮಾಡಿದ್ರೆ ಈ ಡಬ್ಬಿ ಏನು ತೋರಿಸ್ತಿತ್ರೀ?"

ಅವಳಿಗೆ ಹಿಂದಿನದೇನೂ ಗೊತ್ತಿಲ್ಲ. ನಕ್ಕು, "ಡಬ್ಬಿ ಯಾಕ್ರೀ ಬೇಕು? ಅಲ್ಲಿ ನನ್ನ ಕೂರ್ಸಿದ್ರೆ ನಾನೂ ಗೊರಕೆ ಹೊಡೀತಿದ್ದೆ. ಅಂಥಾ ಕಡೆ ಯಾರು ಕೂರ್ಸಿದ್ರು ಆ ಮನುಷ್ಯನ್ನ?" ಎಂದಳು.

ಶೋಭಾ ಕಂಪ್ಯೂಟರಿನ ಕಡೆ ತಿರುಗಿದಳು. ಕರಿಬಸಪ್ಪ ಏಣಿಯ ಮೇಲೇ ನಿಂತುಬಿಟ್ಟ. ಯಾರೂ ಅಲುಗದ ಕಾರಣ ದೀಪ ಆರಿಹೋಯಿತು.

ತಿಪ್ಪೇಸ್ವಾಮಿ ನನ್ನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ಕೂತು ತನ್ನ ಕಡತ ಬಿಚ್ಚಿದ.

ಸಂಜೆ ಹೊನ್ನಾಳಿ ಬಸ್ಸಿನಲ್ಲಿ ಕಿಟಕಿಯ ಪಕ್ಕವೇ ಸೀಟು ಸಿಕ್ಕಿತ್ತು. ಗಾಳಿ ಮುಖಕ್ಕೆ ಬಡಿಯುತ್ತಿತ್ತು, ತಲೆ ಮಾತ್ರ ತಿಳಿಯಾಗಲೊಲ್ಲದು. ಅವನ 'ಸ್ವಭಾವ' ಎಂದು ನಾನು ಬರೆದದ್ದು ಕೋಣೆಯ ಸ್ವಭಾವವಾಗಿದ್ದರೆ, ನನ್ನ ಸ್ವಭಾವ ಎಂದು ನಾನು ತಿಳಿದದ್ದು ಯಾವುದರದು? ನಾಲ್ಕು ಗಂಟೆಯ ಮೇಲೆ ನನ್ನ ಹತ್ತಿರ ಯಾರೂ ಬರಬಾರದು ಎಂಬುದು ಹಳೆಯ ಕಚೇರಿಯಲ್ಲಿ ಎಲ್ಲರಿಗೂ ತಿಳಿದಿದ್ದ ನಿಯಮ. ನನ್ನ ಕೋಪವನ್ನು ನಾನು ಒಳಗೊಳಗೇ ಗೌರವಿಸುತ್ತಿದ್ದೆ. ನೇರ ಮನುಷ್ಯ, ಅದಕ್ಕೇ ಸಿಟ್ಟು ಎಂದು ಹೆಂಡತಿಗೂ ಹೇಳುತ್ತಿದ್ದೆ. ಹೊಸ ಕಟ್ಟಡದ ಮೊದಲ ವಾರಗಳಲ್ಲಿ ಒಂದು ದಿನವೂ ನಾನು ಕೂಗಾಡಿರಲಿಲ್ಲ ಎಂಬುದು ಬಸ್ಸಿನಲ್ಲಿ ನೆನಪಾಯಿತು. ಹಾಗಾದರೆ ನನ್ನ ನೇರ ನಡೆ ಅಂದುಕೊಂಡದ್ದು ನಾಲ್ಕು ಜನರ ಹಳಸಿದ ಉಸಿರೇ? ಮನುಷ್ಯನಲ್ಲಿ ಅವನದೆಂಬುದು ಎಷ್ಟು, ಅವನು ಕೂತ ಜಾಗದ್ದು ಎಷ್ಟು? ಈ ಲೆಕ್ಕ ಹಿಡಿಯಲು ಹೋದರೆ ಊರಿನ ಅರ್ಧ ಜಗಳಗಳಿಗೆ ವಾರಸುದಾರರೇ ಇರುವುದಿಲ್ಲ.

ಹಾಗೆಂದು ಎಲ್ಲವನ್ನೂ ಗೋಡೆಯ ತಲೆಗೆ ಕಟ್ಟಿ ನಾನು ಪಾರಾಗುವಂತಿಲ್ಲ. ಕೋಣೆ ತನ್ನ ಕಿಟಕಿಯನ್ನು ತಾನೇ ಮುಚ್ಚಿಕೊಂಡಿರಲಿಲ್ಲ.

ಮರುದಿನ ಇನ್ನೊಂದು ಪತ್ರ ಬರೆದೆ. ಈ ಸಲ 'ಸದರಿ' ಒಂದೂ ಇರಲಿಲ್ಲ. ತಿಪ್ಪೇಸ್ವಾಮಿ ಆಲಸಿಯಲ್ಲ, ಅವನು ಕೂತ ಕೋಣೆಗೆ ಗಾಳಿ ಇರಲಿಲ್ಲ, ಗಾಳಿ ತಡೆದವನು ನಾನು, ಮೂರು ಮೆಮೊ ಬರೆದವನೂ ನಾನು, ಅವನ್ನು ಸೇವಾ ಪುಸ್ತಕದಿಂದ ತೆಗೆಯಬೇಕು ಎಂದು ನೇರವಾಗಿ ಬರೆದೆ. ಅಂಚೆಗೆ ಹಾಕಿದರೆ ಎಲ್ಲಿ ಮಲಗುತ್ತದೋ ಎಂದು ನಾನೇ ದಾವಣಗೆರೆಯ ಮೇಲಿನ ಕಚೇರಿಗೆ ಒಯ್ದೆ. ಅಲ್ಲಿಯ ಗುಮಾಸ್ತರು ಎರಡು ಸಲ ಓದಿ ಕನ್ನಡಕ ತೆಗೆದರು.

"ಏನ್ರೀ ಇದು? ಮೆಮೊ ಕೊಟ್ಟೋರೇ ಬಂದು ತಪ್ಪು ನಂದು ಅಂತೀರಲ್ಲ! ಇಂಥಾದ್ದಕ್ಕೆ ನಮೂನೆನೇ ಇಲ್ಲ."

"ಇಲ್ಲಾಂದ್ರೆ ಮಾಡ್ರಿ" ಎಂದೆ.

"ನಿಮ್ಮ ಮ್ಯಾಲೇ ವಿಚಾರಣೆ ಬರ್ತೈತೆ, ನೋಡ್ಕೊಳ್ರಿ."

"ಬರ್ಲಿ."

ಅವರ ಕೋಣೆಯಲ್ಲಿ ಕಿಟಕಿಗೆ ಅಡ್ಡ ಮೂರು ಬೀರುಗಳಿದ್ದವು. ನಾನು ಅದರತ್ತ ನೋಡಿದೆ, ಅವರೂ ನೋಡಿದರು. ಪತ್ರಕ್ಕೆ ಸ್ವೀಕೃತಿ ಮುದ್ರೆ ಒತ್ತಿ ಕೊಟ್ಟರು.

ನನ್ನ ಮೇಲೆ ವಿಚಾರಣೆ ನಡೆಯಿತು. 'ಅಚಾತುರ್ಯಕ್ಕಾಗಿ' ಎಂದು ನನಗೊಂದು ಎಚ್ಚರಿಕೆ ಪತ್ರ ಬಂತು. ಓದಿದೆ, ಅದರ ಕನ್ನಡ ಕೆಟ್ಟದಾಗಿರಲಿಲ್ಲ. ಅದಾಗಿ ಕೆಲವು ತಿಂಗಳಿಗೆ ತಿಪ್ಪೇಸ್ವಾಮಿಯ ಮೆಮೊಗಳನ್ನು ಹಿಂಪಡೆದ ಆದೇಶ ಬಂತು. ಅದರ ಬೆನ್ನಿಗೆ ಬಡ್ತಿಯ ಪಟ್ಟಿಯೂ ಬಂತು. ಅವನ ಹೆಸರು ಕೊನೆಯಿಂದ ಎರಡನೆಯದು, ಜಾಗ ಚನ್ನಗಿರಿ. ಓದಿ ಹೇಳಿದಾಗ ಅವನು, "ಸರಿಯಾಗಿ ನೋಡ್ರಿ ಸಾರ್, ಬ್ಯಾರೆ ತಿಪ್ಪೇಸ್ವಾಮಿ ಇರ್ಬೇಕು. ನಮ್ಮ ಕಡಿ ಮನಿಗೊಬ್ರು ಅದಾರೆ" ಎಂದ.

ಅವನು ಚನ್ನಗಿರಿಗೆ ಹೊರಡುವ ಮುಂಚಿನ ಶನಿವಾರ ಹೆಂಡತಿ ಸರೋಜಮ್ಮ ಜಗಳೂರಿನಿಂದ ಬಂದರು. ಹೊಲಿಗೆ ಮಾಡುವ ಹೆಂಗಸು, ಮಾತು ಕಡಿಮೆ. ಗಂಡ ಹೇಳಿದ ಕತೆಯನ್ನು ಅವರು ಪೂರ್ತಿ ನಂಬಿರಲಿಲ್ಲವೆಂದು ಕಾಣುತ್ತದೆ. "ನಿನ್ನ ಕುರ್ಚಿ ಯಾವ್ದು?" ಎಂದು ಕೇಳಿ ಅದರಲ್ಲಿ ಕೂತರು. ಊಟದ ಹೊತ್ತು ಕಳೆಯಿತು, ಚಹಾದ ಹೊತ್ತು ಕಳೆಯಿತು. ಅವರು ಹೊಂಗೆಮರ ನೋಡುತ್ತ ಕಣ್ಣು ಪಿಳುಕಿಸದೆ ಕೂತೇ ಇದ್ದರು. ಆಮೇಲೆ ಎದ್ದು ನನ್ನ ಮೇಜಿನ ಬಳಿ ಬಂದು, "ಆ ಹಳೇ ಕೋಣಿ ಎಲ್ಲೈತ್ರೀ ಅಣ್ಣಾರೆ? ನೋಡ್ಬೇಕು" ಎಂದರು.

ಮೂವರೂ ನಡೆದು ಹೋದೆವು. ಕೋಣೆಯನ್ನು ಈಗ ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ಹಿಡಿದಿದ್ದಾರೆ. ನಮ್ಮ ಗಂಟುಗಳಿದ್ದ ಜಾಗದಲ್ಲಿ ಸೂರಿನವರೆಗೆ ಚೀಲ. ಪಕ್ಕದಲ್ಲಿ ವಯಸ್ಸಾದ ಗುಮಾಸ್ತರೊಬ್ಬರು ಪುಸ್ತಕದ ಮೇಲೆ ಪೆನ್ನು ಊರಿ, ಗಲ್ಲ ಎದೆಗಿಟ್ಟು ನಿದ್ದೆ ಹೋಗಿದ್ದರು. ಸರೋಜಮ್ಮ ಹೊಸ್ತಿಲಲ್ಲಿ ನಿಂತು ಅವರನ್ನು ಬಹಳ ಹೊತ್ತು ನೋಡಿದರು. ಒಳಗೆ ಹೋಗಿ ಮೆಲ್ಲಗೆ ಭುಜ ಮುಟ್ಟಿದರು. ಆತ ಗಾಬರಿಯಿಂದ ಎದ್ದು, "ಇಲ್ಲ ಇಲ್ಲ, ಬರೀತಾ ಇದ್ದೆ" ಎಂದು ಪೆನ್ನು ಎತ್ತಿದರು.

"ಎದ್ದು ಹೊರಗೆ ಬಾರಣ್ಣ, ಒಂದೀಟು ಗಾಳೀಗೆ ಕುಂದ್ರು" ಎಂದರು ಸರೋಜಮ್ಮ. "ನಿನ್ನ ತಪ್ಪಲ್ಲ ಅದು."

ತಿಪ್ಪೇಸ್ವಾಮಿ ರಸ್ತೆಯ ಆಚೆ ಬದಿಗೆ ಹೋಗಿ, ನಮಗೆ ಬೆನ್ನು ಮಾಡಿ ನಿಂತು, ಬಸ್ಸು ಬರುವ ಕಡೆ ನೋಡುತ್ತಿದ್ದ.